ನಿರುದ್ಯೋಗ ಇಳಿದಿದೆ ಅಂತಾರೆ, ಡಿಗ್ರಿ ಮುಗಿಸಿದವರಿಗೆ ಕೆಲಸ ಯಾಕೆ ಸಿಗುತ್ತಿಲ್ಲ?

2025ರ ಮೇ ತಿಂಗಳಿಂದ ದೇಶದ ನಿರುದ್ಯೋಗದ ಅಂಕಿ ಪ್ರತಿ ತಿಂಗಳೂ ಹೊರಬರುತ್ತಿದೆ. ಮೊದಲು ಬಂದದ್ದು ಆ ವರ್ಷದ ಏಪ್ರಿಲ್ ತಿಂಗಳ ಲೆಕ್ಕ. 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ನಿರುದ್ಯೋಗ ಶೇ 5.1 ಎಂದು ಅದು ಹೇಳಿತು. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಬಂದಿದ್ದ ಸರ್ಕಾರದ್ದೇ ವಾರ್ಷಿಕ ವರದಿಯಲ್ಲಿ ಇದ್ದದ್ದು ಶೇ 3.2. 2017-18ರಲ್ಲಿ ಶೇ 6 ಇದ್ದದ್ದು ಹೀಗೆ ಅರ್ಧದಷ್ಟಾಗಿದೆ ಎಂದು ಆಡಳಿತ ಪಕ್ಷದವರು ಹೇಳುತ್ತಾರೆ. ತಿಂಗಳ ಅಂಕಿ ಹಿಡಿದು ವಿರೋಧ ಪಕ್ಷದವರು ಜಗಳಕ್ಕೆ ನಿಲ್ಲುತ್ತಾರೆ. ಇತ್ತ ಡಿಗ್ರಿ ಮುಗಿಸಿ ಎರಡು ಮೂರು ವರ್ಷದಿಂದ ಅರ್ಜಿ ಹಾಕುತ್ತಿರುವವರಿಗೆ ಎರಡೂ ಅಂಕಿ ತಮ್ಮದಲ್ಲ ಅನ್ನಿಸುತ್ತದೆ.

ಯಾರೂ ಸುಳ್ಳು ಹೇಳುತ್ತಿಲ್ಲ. ಗೊಂದಲ ಇರುವುದು ಅಳತೆಯಲ್ಲಿ. ಅದನ್ನು ಬಿಡಿಸಿಕೊಂಡರೆ ಯುವನಿಧಿ, ಇಂಟರ್ನ್‌ಶಿಪ್, ಪ್ರೋತ್ಸಾಹಧನ ಎಂದು ಸರ್ಕಾರಗಳು ಸುರಿಯುತ್ತಿರುವ ಹಣ ಎಲ್ಲಿ ಮುಟ್ಟುತ್ತದೆ, ಎಲ್ಲಿ ಮುಟ್ಟುವುದಿಲ್ಲ ಎಂಬುದೂ ಅರ್ಥವಾಗುತ್ತದೆ.

ವರ್ಷದ ಲೆಕ್ಕ, ವಾರದ ಲೆಕ್ಕ

ಎರಡೂ ಅಂಕಿ ಬರುವುದು ಒಂದೇ ಸಮೀಕ್ಷೆಯಿಂದ. ಅದರ ಹೆಸರು ಪಿಎಲ್‌ಎಫ್‌ಎಸ್, ಅಂದರೆ ಕೇಂದ್ರ ಸರ್ಕಾರ ನಡೆಸುವ ಕಾರ್ಮಿಕ ಪಡೆಯ ನಿಯತ ಸಮೀಕ್ಷೆ. 2017ರಲ್ಲಿ ಶುರುವಾದ ಈ ಸಮೀಕ್ಷೆ ಒಬ್ಬರ ಕೆಲಸವನ್ನು ಎರಡು ರೀತಿ ಅಳೆಯುತ್ತದೆ.

ಶೇ 3.2 ಬಂದದ್ದು ವರ್ಷದ ಲೆಕ್ಕದಿಂದ. ಹಿಂದಿನ 365 ದಿನಗಳಲ್ಲಿ ನೀವು ಹೆಚ್ಚಿನ ಸಮಯ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಹೆಚ್ಚಿನ ಸಮಯ ಕೆಲಸವಿಲ್ಲದೆ ಕಳೆದಿದ್ದರೂ, ನಡುವೆ 30 ದಿನ ಏನಾದರೂ ಕೆಲಸ ಮಾಡಿದ್ದರೆ ಸಾಕು, ನೀವು ಉದ್ಯೋಗಸ್ಥರ ಪಟ್ಟಿಗೆ ಸೇರುತ್ತೀರಿ. ಶೇ 5.1 ಬಂದದ್ದು ವಾರದ ಲೆಕ್ಕದಿಂದ. ಹಿಂದಿನ ಏಳು ದಿನಗಳಲ್ಲಿ ಒಂದು ಗಂಟೆಯಾದರೂ ಕೆಲಸ ಮಾಡಿದ್ದರೆ ಉದ್ಯೋಗಸ್ಥರು. ಒಂದು ಗಂಟೆಯೂ ಮಾಡದೆ, ಕೆಲಸ ಹುಡುಕುತ್ತಿದ್ದರೆ ಅಥವಾ ಸಿಕ್ಕರೆ ಮಾಡಲು ತಯಾರಿದ್ದರೆ ನಿರುದ್ಯೋಗಿ. ವಾರದ ಅಳತೆ ಚಿಕ್ಕದು, ಹಾಗಾಗಿ ಕೆಲಸ ಇಲ್ಲದವರು ಅದರಲ್ಲಿ ಜಾಸ್ತಿ ಕಾಣುತ್ತಾರೆ. 3.2 ಇದ್ದದ್ದು 5.1 ಆಯಿತು ಎಂದು ಎರಡನ್ನೂ ಪಕ್ಕಪಕ್ಕ ಇಡುವುದೇ ತಪ್ಪು. 2025ರ ಜನವರಿಯಿಂದ ಮನೆಗಳನ್ನು ಆರಿಸುವ ವಿಧಾನವೂ ಬದಲಾಗಿರುವುದರಿಂದ ಹಳೆಯ ಮತ್ತು ಹೊಸ ಅಂಕಿಗಳನ್ನು ನೇರವಾಗಿ ಹೋಲಿಸುವುದಕ್ಕೂ ಬರುವುದಿಲ್ಲ.

ಈಗ ಒಂದು ಮನೆಯ ಬಾಗಿಲಲ್ಲಿ ಸಮೀಕ್ಷೆಯವರು ನಿಂತಿದ್ದಾರೆ ಎಂದುಕೊಳ್ಳಿ. ಮನೆಯ ಮಗ ಬಿ.ಕಾಂ. ಮುಗಿಸಿದ್ದಾನೆ. ಮಂಗಳವಾರ ಅಪ್ಪ ಊರಿಗೆ ಹೋಗಿದ್ದರಿಂದ ಎರಡು ಗಂಟೆ ಅಂಗಡಿಯಲ್ಲಿ ಕೂತಿದ್ದ. ಸಂಬಳ ಇಲ್ಲ. ಆದರೂ ವಾರದ ಲೆಕ್ಕದಲ್ಲಿ ಅವನಿಗೆ ಕೆಲಸ ಇದೆ. ಮನೆಯ ವ್ಯವಹಾರಕ್ಕೆ ಸಂಬಳವಿಲ್ಲದೆ ಕೈಜೋಡಿಸುವವರನ್ನೂ ಸ್ವಂತ ಉದ್ಯೋಗದವರ ಜೊತೆ ಎಣಿಸುತ್ತಾರೆ. ಅವನ ಅಕ್ಕ ಧಾರವಾಡದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದಾಳೆ. ಸದ್ಯ ಕೆಲಸ ಹುಡುಕುತ್ತಿಲ್ಲ, ಸಿಕ್ಕರೂ ಸೇರುವುದಿಲ್ಲ, ಓದುತ್ತಿದ್ದೇನೆ ಎಂದರೆ ಅವಳು ಕಾರ್ಮಿಕ ಪಡೆಯ ಹೊರಗೆ. ಅಂದರೆ ಉದ್ಯೋಗಿಯೂ ಅಲ್ಲ, ನಿರುದ್ಯೋಗಿಯೂ ಅಲ್ಲ. ಇಬ್ಬರಿಗೂ ಸಂಬಳದ ಕೆಲಸವಿಲ್ಲ. ನಿರುದ್ಯೋಗದ ಅಂಕಿಯಲ್ಲಿ ಇಬ್ಬರೂ ಇಲ್ಲ.

ಇದು ಕಟ್ಟಿದ ಉದಾಹರಣೆ ನಿಜ, ಆದರೆ ಅಪರೂಪದ್ದಲ್ಲ. 2017-18ರಲ್ಲಿ ದುಡಿಯುವವರಲ್ಲಿ ಶೇ 52ರಷ್ಟಿದ್ದ ಸ್ವಂತ ಉದ್ಯೋಗದವರು 2023-24ಕ್ಕೆ ಶೇ 58 ದಾಟಿದರು. ಕೃಷಿಯಲ್ಲಿರುವವರ ಪಾಲು 2018-19ರ ಶೇ 42.5ರಿಂದ ಶೇ 46.1ಕ್ಕೆ ಏರಿತು. ಆರ್ಥಿಕತೆ ಬೆಳೆಯುತ್ತಿರುವ ದೇಶದಲ್ಲಿ ಜನ ಹೊಲ ಬಿಟ್ಟು ಕಾರ್ಖಾನೆಗೆ, ಕಚೇರಿಗೆ ಹೋಗಬೇಕು. ಇಲ್ಲಿ ಉಲ್ಟಾ ಆಗಿದೆ. ನಿರುದ್ಯೋಗ ಇಳಿದದ್ದರಲ್ಲಿ ಒಂದು ದೊಡ್ಡ ಪಾಲು ಸಂಬಳದ ಕೆಲಸ ಸಿಕ್ಕಿದ್ದರಿಂದಲ್ಲ, ಮನೆಯ ಕಸುಬಿಗೆ ಮತ್ತು ಹೊಲಕ್ಕೆ ಹೋದದ್ದರಿಂದ ಎಂದು ಇದನ್ನು ಓದುವುದೇ ಸರಿ.

ಓದಿದವರಿಗೇ ಯಾಕೆ ಹೆಚ್ಚು ಕಷ್ಟ

ಎಲ್ಲ ವಯಸ್ಸಿನವರನ್ನೂ ಸೇರಿಸಿದ ಸರಾಸರಿ ಬಿಟ್ಟು ಯುವಜನರನ್ನೇ ನೋಡಿದರೆ ಚಿತ್ರ ಬೇರೆ. 15ರಿಂದ 29 ವರ್ಷದವರಲ್ಲಿ ನಿರುದ್ಯೋಗ 2023-24ರ ವರ್ಷದ ಲೆಕ್ಕದಲ್ಲಿ ಶೇ 10.2. ಏಪ್ರಿಲ್ 2025ರ ವಾರದ ಲೆಕ್ಕದಲ್ಲಿ ಶೇ 13.8, ನಗರಗಳಲ್ಲಂತೂ ಶೇ 17.2. ಯಾವ ಅಳತೆ ಹಿಡಿದರೂ ಒಟ್ಟು ಸರಾಸರಿಯ ಎರಡೂವರೆ ಪಟ್ಟಿಗಿಂತ ಜಾಸ್ತಿ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ ಸೇರಿ 2024ರ ಮಾರ್ಚ್‌ನಲ್ಲಿ ತಂದ ವರದಿಯಲ್ಲಿ ಇನ್ನೊಂದು ಲೆಕ್ಕವಿದೆ. 2022ರಲ್ಲಿ ಓದು ಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ 3.4. ಪದವೀಧರರಲ್ಲಿ ಶೇ 29.1.

ಓದಿದ್ದರಿಂದ ಕೆಲಸ ಸಿಗುವುದಿಲ್ಲ ಎಂದು ಇದರ ಅರ್ಥವಲ್ಲ. ಶಾಲೆ ಮೆಟ್ಟಿಲು ಹತ್ತದವರ ಮನೆಯಲ್ಲಿ ಕೆಲಸವಿಲ್ಲದೆ ಕೂರುವುದಕ್ಕೆ ಅವಕಾಶವೇ ಇಲ್ಲ. ಕೂಲಿಗೆ ಹೋಗದಿದ್ದರೆ ಒಲೆ ಉರಿಯುವುದಿಲ್ಲ. ಅವರು ಎಷ್ಟೇ ಕಡಿಮೆ ಕೂಲಿಗಾದರೂ ಹೋಗುತ್ತಾರೆ, ಹಾಗಾಗಿ ಅಂಕಿಯಲ್ಲಿ ನಿರುದ್ಯೋಗಿ ಆಗುವುದಿಲ್ಲ. ಡಿಗ್ರಿ ಮಾಡಿದವರ ಮನೆಯವರು ಸಾಲ ಮಾಡಿಯೋ ಜಮೀನು ಅಡವಿಟ್ಟೋ ಓದಿಸಿರುತ್ತಾರೆ. ಆ ಖರ್ಚಿಗೆ ತಕ್ಕ ಕೆಲಸ ಬರಲಿ ಎಂದು ಒಂದೆರಡು ವರ್ಷ ಕಾಯುತ್ತಾರೆ. ಮೊದಲೆಲ್ಲ ಹೀಗೆ ಕಾಯುವವರು ಕಡಿಮೆ ಇದ್ದರು. 2000ದಲ್ಲಿ ಒಟ್ಟು ನಿರುದ್ಯೋಗಿಗಳಲ್ಲಿ ಹೈಸ್ಕೂಲು ಮತ್ತು ಅದಕ್ಕಿಂತ ಹೆಚ್ಚು ಓದಿದ ಯುವಜನರು ಶೇ 54.2 ಇದ್ದರು, 2022ಕ್ಕೆ ಅದು ಶೇ 65.7 ಆಯಿತು. ಕಾಲೇಜುಗಳು ಬೆಳೆದ ವೇಗದಲ್ಲಿ ಅವರನ್ನು ಕರೆಯುವ ಕೆಲಸಗಳು ಬೆಳೆಯಲಿಲ್ಲ.

ಹಾಗಾಗಿ ಈ ಸಮಸ್ಯೆಯ ನಿಜವಾದ ಅಳತೆ ಕಾಯುವ ಸಮಯ. ಡಿಗ್ರಿಯಿಂದ ಮೊದಲ ಸಂಬಳದವರೆಗೆ ಎಷ್ಟು ತಿಂಗಳು? ಸರ್ಕಾರದ ಒಂದೊಂದು ಯೋಜನೆಯನ್ನೂ ಈ ಪ್ರಶ್ನೆ ಇಟ್ಟುಕೊಂಡು ನೋಡಬೇಕು.

ಯುವನಿಧಿ: ಕಾಯುವವರ ಕೈಗೆ ಒಂದಿಷ್ಟು

ಕರ್ನಾಟಕ ಸರ್ಕಾರದ ಐದನೇ ಗ್ಯಾರಂಟಿ ಯುವನಿಧಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಕಂತು ಬಿಡುಗಡೆಯಾಯಿತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ. ಗರಿಷ್ಠ ಎರಡು ವರ್ಷ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು, ಮುಂದೆ ಓದುತ್ತಿರಬಾರದು. ಕೆಲಸ ಸಿಕ್ಕಿಲ್ಲ ಎಂದು ಆಗಾಗ ತಾವೇ ಘೋಷಿಸಬೇಕು. ಐದು ಲಕ್ಷಕ್ಕೂ ಹೆಚ್ಚು ಜನ ಅರ್ಹರಿರಬಹುದು ಎಂದು ಸರ್ಕಾರ ಅಂದಾಜು ಮಾಡಿತ್ತು. ಮೊದಲ ಕಂತಿನ ಹೊತ್ತಿಗೆ ನೋಂದಾಯಿಸಿದವರು ಅದರ ಒಂದು ಸಣ್ಣ ಪಾಲು ಮಾತ್ರ.

ಬಿಟ್ಟಿ ಹಣ ಕೊಟ್ಟರೆ ಹುಡುಗರು ಸೋಮಾರಿಗಳಾಗುತ್ತಾರೆ ಎಂಬ ಟೀಕೆ ಬಹಳ ಕೇಳಿಬಂತು. 3,000 ರೂಪಾಯಿಯಲ್ಲಿ ಯಾರೂ ಬದುಕು ಕಟ್ಟಿಕೊಳ್ಳಲಾರರು. ಸಂದರ್ಶನಕ್ಕೆ ಹೋಗುವ ಬಸ್ ಚಾರ್ಜು, ಅರ್ಜಿ ಶುಲ್ಕ, ಮೊಬೈಲ್ ರೀಚಾರ್ಜು, ಲೈಬ್ರರಿ ಫೀಸು ಇದರಲ್ಲಿ ಕಳೆಯುತ್ತದೆ. ಮನೆಯಲ್ಲಿ ಕೈಚಾಚಿ ಕೇಳುವ ಮುಜುಗರ ತಪ್ಪುತ್ತದೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ಇದು ಸಣ್ಣ ವಿಷಯವಲ್ಲ.

ಯೋಜನೆಯ ಕೊರತೆ ಬೇರೆಡೆ ಇದೆ. 8,000 ರೂಪಾಯಿಯ ಸಣ್ಣ ಕೆಲಸಕ್ಕೆ ಸೇರಿದ ಕೂಡಲೇ 3,000 ನಿಂತುಹೋಗುತ್ತದೆ. ಆಗ ಆ ಕೆಲಸದಿಂದ ನಿಜವಾಗಿ ಹೆಚ್ಚುವುದು 5,000 ಮಾತ್ರ. ಓಡಾಟದ ಖರ್ಚು ಕಳೆದರೆ ಇನ್ನೂ ಕಡಿಮೆ. ಸೇರಿದ ಮೇಲೂ ನಾಲ್ಕೈದು ತಿಂಗಳು ಭತ್ಯೆ ಮುಂದುವರಿದಿದ್ದರೆ ಮೊದಲ ಹೆಜ್ಜೆ ಇಡಲು ಧೈರ್ಯ ಬರುತ್ತಿತ್ತು. ಯುವನಿಧಿ ಪ್ಲಸ್ ಹೆಸರಲ್ಲಿ ಕೌಶಲ ತರಬೇತಿಯನ್ನೂ ಜೋಡಿಸಿದ್ದಾರೆ. ಆದರೆ ತರಬೇತಿಯ ಕೊನೆಗೆ ಕೆಲಸ ಕೊಡುವವರು ನಿಂತಿರದಿದ್ದರೆ ಕೈಗೆ ಬರುವುದು ಇನ್ನೊಂದು ಸರ್ಟಿಫಿಕೇಟ್.

ಇಂಟರ್ನ್‌ಶಿಪ್: ಕೊಟ್ಟರೂ ಯಾಕೆ ಬರಲಿಲ್ಲ?

ಕೇಂದ್ರ ಸರ್ಕಾರ 2024ರ ಜುಲೈ ಬಜೆಟ್‌ನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಘೋಷಿಸಿತು. ಐದು ವರ್ಷದಲ್ಲಿ ದೇಶದ 500 ದೊಡ್ಡ ಕಂಪನಿಗಳಲ್ಲಿ ಒಂದು ಕೋಟಿ ಯುವಜನರಿಗೆ ಅವಕಾಶ ಎಂಬ ಗುರಿ. ಆರಂಭದ ನಿಯಮದಂತೆ 21ರಿಂದ 24 ವರ್ಷದವರಿಗೆ, 12 ತಿಂಗಳು, ತಿಂಗಳಿಗೆ 5,000 ರೂಪಾಯಿ. ಅದರಲ್ಲಿ 4,500 ಸರ್ಕಾರದ್ದು, 500 ಕಂಪನಿಯದ್ದು. ಸೇರುವಾಗ ಒಂದು ಸಲಕ್ಕೆ 6,000.

ಪ್ರಾಯೋಗಿಕ ಹಂತದಲ್ಲಿ 1.25 ಲಕ್ಷ ಜನರ ಗುರಿ ಇತ್ತು. ಮೊದಲ ಸುತ್ತಿನಲ್ಲಿ ಕಂಪನಿಗಳು 82 ಸಾವಿರಕ್ಕೂ ಹೆಚ್ಚು ಆಫರ್ ಕೊಟ್ಟವು. ಒಪ್ಪಿದವರು 28 ಸಾವಿರದಷ್ಟು. ಕೊನೆಗೆ ಹೋಗಿ ಸೇರಿದವರು 8,700ರ ಆಸುಪಾಸು. ಇವು ಸಂಸತ್ತಿಗೆ ಸರ್ಕಾರವೇ ಕೊಟ್ಟ ಅಂಕಿಗಳು.

ಕೆಲಸ ಬೇಕು ಎನ್ನುವವರು ಸಿಕ್ಕಿದ್ದನ್ನು ಬಿಟ್ಟದ್ದೇಕೆ? ರಾಯಚೂರಿನ ಒಬ್ಬ ಯುವತಿಗೆ ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ ಎಂದುಕೊಳ್ಳಿ. ಬೆಂಗಳೂರಿನ ಸಾಧಾರಣ ಪಿಜಿಗೂ 5,000 ಸಾಲುವುದಿಲ್ಲ. ಊಟ, ಓಡಾಟ ಮನೆಯವರ ತಲೆಗೆ. ಒಂದು ವರ್ಷ ಹೀಗೆ ಹಣ ಹಾಕಿದ ಮೇಲೂ ಕಂಪನಿ ಕೆಲಸಕ್ಕೆ ಇಟ್ಟುಕೊಳ್ಳಲೇಬೇಕು ಎಂಬ ನಿಯಮವಿಲ್ಲ. ಅನುಕೂಲಸ್ಥರ ಮನೆಯವರಾದರೆ ಇದನ್ನು ತಾಳಿಕೊಳ್ಳುತ್ತಾರೆ, ಆದರೆ ಯೋಜನೆ ಇರುವುದೇ ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಆದಾಯದ ಮನೆಯವರಿಗೆ. ಜಾಗ ದೂರ, ಅವಧಿ ಉದ್ದ, ಕೆಲಸದ ಬಗೆ ಹೊಂದಲಿಲ್ಲ ಎಂಬ ಕಾರಣಗಳನ್ನು ಸರ್ಕಾರವೂ ಒಪ್ಪಿಕೊಂಡಿದೆ. ದೊಡ್ಡ ಕಂಪನಿಗಳು ಕೆಲವೇ ನಗರಗಳಲ್ಲಿ ಗುಂಪಾಗಿವೆ, ಓದಿ ಕೂತಿರುವವರು ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ವಸತಿಯ ವ್ಯವಸ್ಥೆ ಇಲ್ಲದೆ ಈ ಅಂತರ ಮುಚ್ಚುವುದಿಲ್ಲ.

ಮಾಲೀಕರಿಗೆ ಪ್ರೋತ್ಸಾಹಧನ: ಲೆಕ್ಕ ಹಾಕಿ ನೋಡೋಣ

ಎಲ್ಲಕ್ಕಿಂತ ದೊಡ್ಡ ಮೊತ್ತ ಇರುವುದು ಇಲ್ಲಿ. 2025ರ ಜುಲೈ 1ರಂದು ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಗೆ 99,446 ಕೋಟಿ ರೂಪಾಯಿ ಎತ್ತಿಡಲಾಗಿದೆ. ಈಗಿನ ಹೆಸರು ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ತನಕ ಸೃಷ್ಟಿಯಾಗುವ ಕೆಲಸಗಳಿಗೆ ಅನ್ವಯ. ಗುರಿ ಮೂರೂವರೆ ಕೋಟಿ ಕೆಲಸ. ಮೊದಲ ಸಲ ಪಿಎಫ್‌ಗೆ ಸೇರುವವರಿಗೆ ಒಂದು ತಿಂಗಳ ಸಂಬಳದಷ್ಟು, ಗರಿಷ್ಠ 15,000 ರೂಪಾಯಿ, ಆರು ತಿಂಗಳಿಗೆ ಒಂದು ಕಂತು, ಹನ್ನೆರಡು ತಿಂಗಳಿಗೆ ಇನ್ನೊಂದು. ಹೆಚ್ಚುವರಿಯಾಗಿ ಜನರನ್ನು ತೆಗೆದುಕೊಂಡ ಮಾಲೀಕರಿಗೆ ತಲಾ ತಿಂಗಳಿಗೆ ಗರಿಷ್ಠ 3,000, ಎರಡು ವರ್ಷ. ಉತ್ಪಾದನಾ ವಲಯದವರಿಗೆ ನಾಲ್ಕು ವರ್ಷ.

ಪೀಣ್ಯದಲ್ಲಿ ಬಿಡಿಭಾಗ ಮಾಡುವ 30 ಜನರ ಕಾರ್ಖಾನೆಯೊಂದನ್ನು ತೆಗೆದುಕೊಳ್ಳೋಣ. 50ಕ್ಕಿಂತ ಕಡಿಮೆ ಜನ ಇರುವುದರಿಂದ ಕನಿಷ್ಠ ಇಬ್ಬರನ್ನು ಹೊಸದಾಗಿ ಸೇರಿಸಿದರೆ ಪ್ರೋತ್ಸಾಹಧನ ಸಿಗುತ್ತದೆ. ಒಬ್ಬರಿಗೆ ಸಂಬಳ 15,000. ಮಾಲೀಕರ ಪಾಲಿನ ಪಿಎಫ್ ಶೇ 12ರಂತೆ 1,800. ಒಟ್ಟು ಖರ್ಚು 16,800. ಈ ಸಂಬಳದ ಹಂತಕ್ಕೆ ಸರ್ಕಾರ ಕೊಡುವುದು 2,000. ಅಂದರೆ ಪಿಎಫ್ ಹಣ ವಾಪಸ್ ಬಂದು 200 ರೂಪಾಯಿ ಉಳಿಯುತ್ತದೆ. ಉಳಿದ 14,800 ಮಾಲೀಕರ ಜೇಬಿನಿಂದಲೇ ಹೋಗಬೇಕು.

ಈ ಲೆಕ್ಕದಲ್ಲಿ ಯೋಜನೆಯ ಗುಣವೂ ಮಿತಿಯೂ ಕಾಣುತ್ತವೆ. ಆರ್ಡರ್ ಕೈತುಂಬ ಇದ್ದ ಮಾಲೀಕರು 2,000 ಸಿಗದಿದ್ದರೂ ಜನರನ್ನು ತೆಗೆದುಕೊಳ್ಳುತ್ತಿದ್ದರು. ಆರ್ಡರ್ ಇಲ್ಲದವರು 2,000 ಸಿಗುತ್ತದೆ ಎಂದು 14,800 ಖರ್ಚು ಮಾಡುವುದಿಲ್ಲ. ಬದಲಾಗುವುದು ನಡುವಿನವರ ನಿರ್ಧಾರ, ಜನ ಬೇಕು ಆದರೆ ಪಿಎಫ್ ಕಟ್ಟಿ ಪುಸ್ತಕಕ್ಕೆ ಹತ್ತಿಸುವುದು ಬೇಡ ಎನ್ನುತ್ತಿದ್ದವರದು. ಅವರಿಗೆ ಪಿಎಫ್‌ನ ಭಾರ ಹೋಯಿತು. ಕೂಲಿಯವರಾಗಿ ಲೆಕ್ಕಕ್ಕೇ ಸಿಗದೆ ಇದ್ದವರು ದಾಖಲೆಗೆ ಬಂದರೆ ಅದು ಒಳ್ಳೆಯದೇ, ಮುಪ್ಪಿನಲ್ಲಿ ನಾಲ್ಕು ಕಾಸು ಇರುತ್ತದೆ. ಆದರೆ ದಾಖಲೆಗೆ ಬಂದ ಕೆಲಸ ಬೇರೆ, ಹುಟ್ಟಿದ ಕೆಲಸ ಬೇರೆ. ಪಿಎಫ್‌ಗೆ ಇಷ್ಟು ಲಕ್ಷ ಹೊಸ ಹೆಸರು ಸೇರಿದವು ಎಂಬ ಸುದ್ದಿ ಬಂದಾಗಲೆಲ್ಲ ಈ ವ್ಯತ್ಯಾಸ ನೆನಪಿರಲಿ.

ಪಿಎಫ್ ಕಾನೂನು ಕಡ್ಡಾಯವಾಗುವುದೇ 20 ಜನ ಇರುವ ಸಂಸ್ಥೆಯಿಂದ. ಅದಕ್ಕಿಂತ ಚಿಕ್ಕ ಅಂಗಡಿ, ಗ್ಯಾರೇಜು, ಗಾರ್ಮೆಂಟ್ಸ್ ಘಟಕಗಳು ಸ್ವತಃ ಮುಂದೆ ಬಂದು ನೋಂದಾಯಿಸದಿದ್ದರೆ ಈ ಹಣ ಅವರನ್ನು ಮುಟ್ಟುವುದಿಲ್ಲ. ತಾಲ್ಲೂಕು ಊರುಗಳಲ್ಲಿ ಸಿಗುವ ಕೆಲಸ ಹೆಚ್ಚಾಗಿ ಇರುವುದು ಇಂಥ ಕಡೆಯೇ ಅಲ್ವಾ?

ಸರ್ಕಾರವೇ ಮಾಲೀಕನಾದಾಗ

ಮೇಲಿನ ಮೂರೂ ಯೋಜನೆಗಳಲ್ಲಿ ಸರ್ಕಾರ ಬೇರೆಯವರಿಂದ ಕೆಲಸ ಕೊಡಿಸಲು ಹೊರಟಿದೆ. ಆದರೆ ರಾಜ್ಯದ ದೊಡ್ಡ ಉದ್ಯೋಗದಾತ ಸರ್ಕಾರವೇ. ಕಾಯುವಿಕೆ ಅತಿ ಉದ್ದವಾಗಿರುವುದೂ ಅದರ ಬಾಗಿಲಲ್ಲೇ.

ಕರ್ನಾಟಕ ಸರ್ಕಾರದ ಇಲಾಖೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂಜೂರಾದ ಹುದ್ದೆಗಳು ಖಾಲಿ ಇವೆ. ಕೆಲಸ ನಿಂತಿಲ್ಲ, ಗುತ್ತಿಗೆಯವರು, ಹೊರಗುತ್ತಿಗೆಯವರು, ಅತಿಥಿ ಶಿಕ್ಷಕರು, ಅತಿಥಿ ಉಪನ್ಯಾಸಕರು ಅದನ್ನು ಮಾಡುತ್ತಿದ್ದಾರೆ. ಖಾಯಂ ಹುದ್ದೆ ತುಂಬಿದರೆ ಸಂಬಳ, ಪಿಂಚಣಿಯ ಹೊರೆ ಬೀಳುತ್ತದೆ ಎಂದು ಹಣಕಾಸು ಇಲಾಖೆ ಹಿಂದೆಮುಂದೆ ನೋಡುತ್ತದೆ. ಆ ಚಿಂತೆ ಸುಳ್ಳಲ್ಲ. ಆದರೆ ತುಂಬುತ್ತೇವೆ ಎಂದು ಘೋಷಿಸಿದ ಹುದ್ದೆಗಳೂ ಹೊತ್ತಿಗೆ ತುಂಬುವುದಿಲ್ಲ.

545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ನಡೆಯಿತು. ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವರೂ ಎರಡು ವರ್ಷಕ್ಕಿಂತ ಹೆಚ್ಚು ಕಳೆದುಕೊಂಡರು. ರಾಜ್ಯದ ಲೋಕಸೇವಾ ಆಯೋಗ ಕೆಪಿಎಸ್‌ಸಿಯ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪ್ರಿಲಿಮ್ಸ್ 2024ರ ಆಗಸ್ಟ್ 27ರಂದು ಆಯಿತು. ಕನ್ನಡ ಪ್ರಶ್ನೆಗಳಲ್ಲಿ ಅನುವಾದದ ತಪ್ಪು ತುಂಬಿದ್ದರಿಂದ ಡಿಸೆಂಬರ್ 29ರಂದು ಮತ್ತೆ ನಡೆಸಬೇಕಾಯಿತು. ಮರುಪರೀಕ್ಷೆಯಲ್ಲೂ ತಪ್ಪುಗಳು ಸಿಕ್ಕವು. ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಬರೆಯುವ ಹಳ್ಳಿ ಮಕ್ಕಳಿಗೆ ಕರ್ನಾಟಕದ್ದೇ ಆಯೋಗ ಮಾಡಿದ ಅನ್ಯಾಯವಿದು. ಇದಕ್ಕೆ ಬೇರೆ ಹೆಸರು ಕೊಡಲು ಸಾಧ್ಯವಿಲ್ಲ.

ಇದರ ನಡುವೆ ಒಳಮೀಸಲಾತಿಯ ವಿಷಯ ಬಂತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಪರಿಶಿಷ್ಟ ಜಾತಿಗಳಲ್ಲಿ ಒಳವರ್ಗೀಕರಣ ಮಾಡಬಹುದು, ಅಂದರೆ ಮೀಸಲಾತಿಯನ್ನು ಒಳಗಿನ ಗುಂಪುಗಳಿಗೆ ಬೇರೆಬೇರೆಯಾಗಿ ಹಂಚಬಹುದು ಎಂದಿತು. ಈ ಹಂಚಿಕೆಯ ಬಗ್ಗೆ ಆಯೋಗವೊಂದರ ವರದಿ ಬರುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು ರಾಜ್ಯ ಸಂಪುಟ ಅಕ್ಟೋಬರ್‌ನಲ್ಲಿ ತೀರ್ಮಾನಿಸಿತು. ಹಂಚಿಕೆಯ ಸೂತ್ರಕ್ಕೆ ಸಂಪುಟ ಒಪ್ಪಿದ್ದು 2025ರ ಆಗಸ್ಟ್‌ನಲ್ಲಿ. ಒಳಮೀಸಲಾತಿ ದಶಕಗಳ ಹೋರಾಟದ ಬೇಡಿಕೆ, ನ್ಯಾಯದ ಬೇಡಿಕೆ. ಅದಕ್ಕಾಗಿ ಕಾದವರನ್ನು ಕೆಲಸಕ್ಕಾಗಿ ಕಾದವರ ಎದುರು ನಿಲ್ಲಿಸುವುದು ತಪ್ಪು. ಎಷ್ಟೋ ಮನೆಗಳಲ್ಲಿ ಇಬ್ಬರೂ ಒಬ್ಬರೇ. ಆದರೆ ತಡೆ ಎಷ್ಟು ತಿಂಗಳು, ಆಮೇಲೆ ಯಾವ ಹುದ್ದೆಗೆ ಯಾವಾಗ ಅಧಿಸೂಚನೆ, ವಯಸ್ಸು ಮೀರುವವರಿಗೆ ಏನು ಎಂಬುದನ್ನು ಮೊದಲ ದಿನವೇ ಹೇಳಬಹುದಿತ್ತು. ಅದನ್ನು ಹೇಳದ ಕಾರಣಕ್ಕೇ 2025ರಲ್ಲಿ ಧಾರವಾಡದಲ್ಲಿ ಉದ್ಯೋಗಾಕಾಂಕ್ಷಿಗಳು ಬೀದಿಗೆ ಇಳಿದರು.

ಒಂದು ಪರೀಕ್ಷೆ ಮುಂದೆ ಹೋದರೆ ಆಗುವ ನಷ್ಟ ಪರೀಕ್ಷೆಯಲ್ಲೇ ನಿಲ್ಲುವುದಿಲ್ಲ. ಇನ್ನೇನು ನೋಟಿಫಿಕೇಶನ್ ಬರುತ್ತದೆ ಎಂದು ಖಾಸಗಿ ಕೆಲಸ ಬಿಡುತ್ತಾರೆ. ಕೋಚಿಂಗ್ ಫೀಸು, ರೂಮ್ ಬಾಡಿಗೆ ಮನೆಯವರ ಮೇಲೆ ಬೀಳುತ್ತದೆ. ಮೂರು ವರ್ಷ ಕಳೆದು ಖಾಸಗಿ ಕಂಪನಿಗೆ ಹೋದರೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಹೆಣ್ಣುಮಕ್ಕಳಿಗೆ ಅಷ್ಟರಲ್ಲಿ ಮದುವೆಯ ಒತ್ತಾಯ ಶುರುವಾಗಿರುತ್ತದೆ. ತಿಂಗಳಿಗೆ 3,000 ಕೊಟ್ಟು ಎರಡು ವರ್ಷದಲ್ಲಿ ಸರ್ಕಾರ ಒಬ್ಬರಿಗೆ ಕೊಡುವುದು ಒಟ್ಟು 72,000. ಅದೇ ಸರ್ಕಾರ ಪರೀಕ್ಷೆ ತಡ ಮಾಡಿ ಅವರಿಂದ ಕಿತ್ತುಕೊಳ್ಳುವ ದುಡಿಮೆಯ ವರ್ಷಗಳ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚು.

ಸ್ಥಳೀಯರಿಗೆ ಮೀಸಲು ಎಂಬ ವಾದ

ಖಾಸಗಿ ಕೆಲಸಗಳನ್ನು ಸ್ಥಳೀಯರಿಗೆ ಮೀಸಲಿಡಿ ಎಂಬ ಒತ್ತಾಯವೂ ಇದೆ. 2024ರ ಜುಲೈನಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ರಾಜ್ಯ ಸಂಪುಟ ಒಪ್ಪಿತ್ತು. ಉದ್ಯಮಿಗಳ ವಿರೋಧ ಬಂದ ಕೂಡಲೇ ತಡೆಹಿಡಿಯಿತು. ಹರಿಯಾಣದ ಶೇ 75 ಮೀಸಲು ಕಾನೂನನ್ನು 2023ರ ನವೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟ್ ರದ್ದು ಮಾಡಿದೆ. ನೆಲ, ನೀರು, ತೆರಿಗೆ ರಿಯಾಯಿತಿ ಪಡೆದ ಕಂಪನಿ ಇಲ್ಲಿಯವರಿಗೆ ಕೆಲಸ ಕೊಡಲಿ ಎನ್ನುವುದು ನ್ಯಾಯವಾದ ನಿರೀಕ್ಷೆ. ಆದರೆ ನ್ಯಾಯಾಲಯದಲ್ಲಿ ನಿಲ್ಲದ ಕಾನೂನಿನಿಂದ ಯಾರಿಗೂ ಕೆಲಸ ಸಿಗುವುದಿಲ್ಲ. ರಿಯಾಯಿತಿ ಕೊಡುವ ಒಪ್ಪಂದದಲ್ಲೇ ಸ್ಥಳೀಯ ನೇಮಕಾತಿ ಮತ್ತು ತರಬೇತಿಯ ಷರತ್ತು ಬರೆಸುವುದು ಹೆಚ್ಚು ಗಟ್ಟಿಯಾದ ದಾರಿ.

ಮುಂದೆ ಏನನ್ನು ಗಮನಿಸಬೇಕು

ಸರ್ಕಾರಗಳ ಹಣ ಹೆಚ್ಚಾಗಿ ಹೋಗುತ್ತಿರುವುದು ಕೆಲಸ ಹುಡುಕುವವರನ್ನು ತಯಾರು ಮಾಡುವುದಕ್ಕೆ, ಇಲ್ಲವೇ ಹೇಗೂ ಆಗಬಹುದಾಗಿದ್ದ ನೇಮಕಾತಿಗೆ ಸ್ವಲ್ಪ ನೆರವಾಗುವುದಕ್ಕೆ. ಕೊರತೆ ಇರುವುದು ಕೆಲಸದಲ್ಲೇ, ಅದರಲ್ಲೂ ಬೆಂಗಳೂರಿನ ಹೊರಗೆ. ಇದು ಬದಲಾಗದಿದ್ದರೆ ನಿರುದ್ಯೋಗದ ಅಂಕಿ ಕಡಿಮೆಯಾಗಿ ಕಂಡರೂ, ಓದಿದವರು ಕಾಯುವ ಸಮಯ ಉದ್ದವಾಗುತ್ತಲೇ ಹೋಗುತ್ತದೆ. ಅದರ ಮೊದಲ ಪೆಟ್ಟು ಬೀಳುವುದು ಮಕ್ಕಳನ್ನು ಮೊದಲ ಸಲ ಕಾಲೇಜಿಗೆ ಕಳಿಸಿದ ಮನೆಗಳ ಮೇಲೆ. ದೊಡ್ಡವನು ಡಿಗ್ರಿ ಮಾಡಿ ಸುಮ್ನೆ ಕೂತಿದ್ದಾನೆ, ಚಿಕ್ಕವಳನ್ನು ಯಾಕೆ ಓದಿಸಬೇಕು ಎಂಬ ಪ್ರಶ್ನೆ ಅಲ್ಲಿ ಬೇಗ ಏಳುತ್ತದೆ.

ಕೇಂದ್ರದ ಪ್ರೋತ್ಸಾಹಧನದಲ್ಲಿ ನೋಡಬೇಕಾದ್ದು ಎಷ್ಟು ಜನ ಸೇರಿದರು ಎಂಬುದಷ್ಟೇ ಅಲ್ಲ. ಹನ್ನೆರಡನೇ ತಿಂಗಳ ಕಂತಿನ ತನಕ ಎಷ್ಟು ಜನ ಉಳಿದರು, ಮಾಲೀಕರಿಗೆ ಹಣ ನಿಂತ ಮೇಲೆ ಎಷ್ಟು ಜನರನ್ನು ಇಟ್ಟುಕೊಂಡರು ಎಂಬುದು ಮುಖ್ಯ. ಈ ಲೆಕ್ಕ ಪಿಎಫ್ ದಾಖಲೆಯಲ್ಲೇ ಸಿಗುತ್ತದೆ, ಜಿಲ್ಲಾವಾರು ಪ್ರಕಟಿಸಲು ಅಡ್ಡಿ ಏನೂ ಇಲ್ಲ. ಇಂಟರ್ನ್‌ಶಿಪ್‌ನಲ್ಲಿ ಆಫರ್‌ಗಳ ಸಂಖ್ಯೆ ಬಿಟ್ಟು, ಸೇರಿದವರು ಮತ್ತು ಮುಗಿಸಿದ ಮೇಲೆ ಕೆಲಸ ಸಿಕ್ಕವರ ಸಂಖ್ಯೆ ಕೇಳಬೇಕು. ಯುವನಿಧಿಯಲ್ಲಿ ಎರಡು ವರ್ಷ ಮುಗಿಸಿ ಪಟ್ಟಿಯಿಂದ ಹೊರಬಿದ್ದವರು ಈಗ ಏನು ಮಾಡುತ್ತಿದ್ದಾರೆ? ಅವರ ಫೋನ್ ನಂಬರ್, ಬ್ಯಾಂಕ್ ಖಾತೆ ಎಲ್ಲ ಸರ್ಕಾರದ ಹತ್ತಿರವೇ ಇವೆ. ಒಂದು ಕರೆ ಮಾಡಿ ಕೇಳಿದರೆ ಯೋಜನೆಯ ನಿಜವಾದ ಫಲಿತಾಂಶ ತಿಳಿಯುತ್ತದೆ.

ರಾಜ್ಯ ಸರ್ಕಾರದ ಮುಂದೆ ಇನ್ನೂ ಸರಳವಾದ ಕೆಲಸವಿದೆ. ಯಾವ ತಿಂಗಳು ಅಧಿಸೂಚನೆ, ಯಾವ ತಿಂಗಳು ಪರೀಕ್ಷೆ, ಯಾವ ತಿಂಗಳು ಆಯ್ಕೆಪಟ್ಟಿ ಎಂಬ ನೇಮಕಾತಿ ವೇಳಾಪಟ್ಟಿಯನ್ನು ವರ್ಷದ ಮೊದಲೇ ಹೊರಡಿಸಿ ಅದಕ್ಕೆ ಬದ್ಧವಾಗಿರುವುದು. ಇದಕ್ಕೆ ಸಾವಿರಾರು ಕೋಟಿ ಬೇಕಿಲ್ಲ. ಈ ವರ್ಷ ಹುದ್ದೆ ತುಂಬುವುದಿಲ್ಲ ಎಂದಾದರೆ ಅದನ್ನೂ ಹಾಗೇ ಹೇಳಿಬಿಡಬೇಕು. ಆಗ 26 ವರ್ಷದ ಒಬ್ಬ ಪದವೀಧರೆ ಇನ್ನೊಂದು ವರ್ಷ ಧಾರವಾಡದಲ್ಲೇ ಇದ್ದು ಓದಬೇಕೋ, ಹುಬ್ಬಳ್ಳಿಯಲ್ಲಿ ಸಿಕ್ಕ ಖಾಸಗಿ ಕೆಲಸಕ್ಕೆ ಸೇರಿಕೊಂಡು ರಾತ್ರಿ ಓದಬೇಕೋ ಎಂಬುದನ್ನು ತಾನೇ ಲೆಕ್ಕ ಹಾಕಿ ತೀರ್ಮಾನಿಸಬಹುದು.